ಪದ ಬೇಕು (ತುರ್ತು): ‘ಪೈಕಾ’ಗೆ ಕನ್ನಡದಲ್ಲಿ ಏನು?

ಗೆಳೆಯರೇ, ರಕ್ತಹೀನತೆಯ ಕರಪತ್ರ ಇವತ್ತು ಸಂಜೆ ಅಚ್ಚಿಗೆ ಹೋಗಬೇಕು. ಮಣ್ಣು, ಸೀಮೆಸುಣ್ಣ, ಹಸಿ ಅಕ್ಕಿ, ಐಸ್ ಇಂಥವನ್ನು ತಿಂಗಳು ಕಳೆದರೂ ಬಿಡದೆ ತಿನ್ನುವುದಕ್ಕೆ ಪದ ಬೇಕು. (2 ವರ್ಷದೊಳಗಿನ ಮಗು ಕೈಗೆ ಸಿಕ್ಕಿದ್ದನ್ನು ಬಾಯಿಗಿಟ್ಟುಕೊಳ್ಳುವುದು ಇದರಲ್ಲಿ ಸೇರದು.) ಕರಡಿನಲ್ಲಿ ‘ಮಣ್ಣು ತಿನ್ನುವ ಚಟ’ ಎಂದಿದೆ.

ಮರು: ಚಟ ಬೇಡವೇ ಬೇಡ. ಅದು ಬೈಗುಳ. ಎಷ್ಟೋ ಜನರಲ್ಲಿ ಕಬ್ಬಿಣದಂಶ ಸಾಲದೆ ಈ ಸೆಳೆತ ಹುಟ್ಟುತ್ತದೆ. ಕಬ್ಬಿಣದ ಮಾತ್ರೆ ಶುರುವಾದ ಕೆಲವೇ ದಿನಗಳಲ್ಲಿ, ಹಿಮೋಗ್ಲೋಬಿನ್ ಏರುವ ಮೊದಲೇ, ಐಸ್ ಅಗಿಯುವ ಆಸೆ ಇಳಿಯುವುದುಂಟು. ಬೈದರೆ ಮುಚ್ಚಿಡುತ್ತಾರೆ, ಪರೀಕ್ಷೆಯೇ ಆಗುವುದಿಲ್ಲ. ‘ಅಖಾದ್ಯ ಭಕ್ಷಣೆ’ ಎನ್ನಿ.

ಮರು: ಐಸ್ ಅಖಾದ್ಯವೇ? ಅಕ್ಕಿ? ಆ ಮಹಾಪ್ರಾಣಗಳ ಭಾರ ಬೇರೆ. ‘ತಿನಿಗೀಳು’ ಸಾಕು.

ಮರು: ತಿನಿಗೀಳು ಹೊಟ್ಟೆಬಾಕತನವಾಯಿತು. ಚರಕಸಂಹಿತೆಯ ಐದು ಪಾಂಡುರೋಗಗಳಲ್ಲಿ (ಮೈ ಬಿಳಿಚಿಕೊಳ್ಳುವ, ರಕ್ತಹೀನತೆಯಂಥ ರೋಗಗಳಲ್ಲಿ) ಮೃದ್ಭಕ್ಷಣಜ ಒಂದು. ಸಿದ್ಧವಿರುವ ಪದ ಬಿಟ್ಟು ಹೊಸದೇಕೆ?

ಮರು: ಅದು ಮಣ್ಣು ತಿಂದು ಬಂದ ರೋಗದ ಹೆಸರು, ತಿನ್ನುವುದರದ್ದಲ್ಲ. ಆ ದಿಕ್ಕೂ ನಿಜವೇ: ಕೆಲವು ಜೇಡಿಮಣ್ಣು ಕರುಳಿನಲ್ಲಿ ಕಬ್ಬಿಣವನ್ನು ಹಿಡಿದಿಟ್ಟು ರಕ್ತಕ್ಕೆ ಸೇರಗೊಡುವುದಿಲ್ಲ. ಕರಪತ್ರದಲ್ಲಿ, ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆಯೆಂದು ತೋರಿಸುವ ಫೆರಿಟಿನ್ ರಕ್ತಪರೀಕ್ಷೆಯನ್ನೂ ಬರೆಯಿರಿ. ಹೆಂಗಸರಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಂ ಇದ್ದರೂ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು. ವಯಸ್ಕರಲ್ಲಿ ಫೆರಿಟಿನ್ ಲೀಟರಿಗೆ 15 ಮೈಕ್ರೊಗ್ರಾಂಗಿಂತ ಕೆಳಗಿದ್ದರೆ ಕೊರತೆಯೇ. ಮೈಯಲ್ಲಿ ಸೋಂಕು, ಉರಿಯೂತ ಇದ್ದರೆ ಮಾತ್ರ ಆ ಅಂಕಿ ಮೇಲೇರಿ ಕೊರತೆಯನ್ನು ಮರೆಮಾಡುತ್ತದೆ. ಹಳೆಯ ಬಣ್ಣದ ಚಕ್ಕೆ ತಿನ್ನುವ ಮಕ್ಕಳಿಗೆ ಸೀಸದ ಪರೀಕ್ಷೆಯೂ ಆಗಬೇಕು.

ಮರು: ಪೈಕಾ ಅಂದರೆ ನಮ್ಮ ‘ಪಿಕ’ವೇ, ಕೋಗಿಲೆ. ಹಾಗೇ ಇಟ್ಟುಕೊಳ್ಳಬಹುದು.

ಮರು: ಅಲ್ಲ. ಲ್ಯಾಟಿನ್ನಿನಲ್ಲಿ ಅದು ಮ್ಯಾಗ್‌ಪೈ. ಏನು ಸಿಕ್ಕರೂ ತಿನ್ನುವ ಹಕ್ಕಿಯೆಂದು ಆ ಹೆಸರು. ಇನ್ನು ‘ಪಿಕ’ ಮ್ಲೇಚ್ಛರ ಬಳಕೆಯ ಮಾತೆಂದು ಮೀಮಾಂಸಾಸೂತ್ರಗಳ ಹಳೆಯ ಸಂಸ್ಕೃತ ವ್ಯಾಖ್ಯಾನವಾದ ಶಾಬರಭಾಷ್ಯವೇ ಎತ್ತಿಕೊಂಡು ಚರ್ಚಿಸಿದೆ. ಸಂಸ್ಕೃತವೇ ಸಾಲ ತಂದಿರುವಾಗ ಕನ್ನಡ ‘ಪೈಕಾ’ ತರಲು ಅಂಜಬೇಕಿಲ್ಲ.

ಮರು: ತಂದು ಏನು ಮಾಡುತ್ತೀರಿ? ‘ತಿನ್ನು’ವಿನಿಂದ ತಿನಿಸು, ತಿಂಡಿ, ತೀನಿ ಹುಟ್ಟಿದವು. ಪೈಕಾದಿಂದ ಏನೂ ಹುಟ್ಟದು. ಓದುವವರು ‘ಪೈಕಿ’ ಎಂದುಕೊಳ್ಳುತ್ತಾರೆ.

ಮರು: ಕರಪತ್ರದ ತಲೆಬರಹಕ್ಕೆ ಸಂತಾನ ಬೇಕಿಲ್ಲ. ಓದಿದವರು ‘ಇದು ನನ್ನದೇ’ ಎಂದು ಗುರುತಿಸಿದರೆ ಸಾಕು.

ಮೂಲ ಪ್ರಶ್ನೆಯಿಂದ: ‘ಮಣ್ಣು, ಐಸ್ ತಿನ್ನುವ ಬಯಕೆ’ ಎಂದು ದೊಡ್ಡದಾಗಿ, ಕೆಳಗೆ ಸಣ್ಣಕ್ಷರದಲ್ಲಿ ‘ಪೈಕಾ’ ಎಂದು ಹಾಕುತ್ತಿದ್ದೇನೆ.

ಮರು: ಬಯಕೆ ಎಂದರೆ ಬಸುರಿಯರಿಗೆ ಮಾತ್ರ ಅನ್ನಿಸೀತು. ಗಂಡಸರು, ಮಕ್ಕಳು ಓದದೆ ದಾಟುತ್ತಾರೆ. ‘ಹಂಬಲ’ ಮಾಡಿ.