ಪದಚರ್ಚೆ: ‘ಹಿಮ್ಮುಖ ಹೊಂದಾಣಿಕೆ’ ಸರಿಯೇ?

ಪ್ರಶ್ನೆ:
ಗೆಳೆಯರೇ, ತಂತ್ರಾಂಶಗಳ ಬಗ್‌ಗಳನ್ನು (ತಪ್ಪುಗಳನ್ನು) ದಾಖಲಿಸಿಡುವ ಬಗ್‌ಝಿಲ್ಲಾ ಎಂಬ ತಂತ್ರಾಂಶವನ್ನು 4.4ರಿಂದ 5.0ಕ್ಕೆ ಏರಿಸುವ ಕೈಪಿಡಿಯೊಂದು ಕನ್ನಡದಲ್ಲಿ ಸಿದ್ಧವಾಗುತ್ತಿದೆ. ‘ಬ್ಯಾಕ್‌ವರ್ಡ್ ಕಂಪ್ಯಾಟಿಬಿಲಿಟಿ’ಗೆ (ಹಳೆಯ ಆವೃತ್ತಿಯದು ಹೊಸದರಲ್ಲೂ ನಡೆಯುವುದಕ್ಕೆ) ಕರಡಿನಲ್ಲಿ ‘ಹಿಮ್ಮುಖ ಹೊಂದಾಣಿಕೆ’ ಎಂದಿದೆ; ‘ಪೂರ್ವಾನುಗುಣತೆ’ ಎಂಬ ಸಲಹೆಯೂ ಬಂದಿದೆ. ಸರ್ವರ್ ನೋಡಿಕೊಳ್ಳುವವರಿಗೆ ಯಾವುದು ಸರಿಯಾಗಿ ಅರ್ಥವಾದೀತು? ‘ಬಗ್’ಗೆ ‘ದೋಷ’ ಎನ್ನಬಹುದೇ?

ಉತ್ತರ:
ನಮಸ್ಕಾರ. ‘ಹಿಮ್ಮುಖ’ ಬೇಡವೇ ಬೇಡ. ಬೇಕೆಂದಾಗ ಹಳೆಯ ಆವೃತ್ತಿಗೆ ವಾಪಸ್ ಹೋಗಬಹುದು ಎಂದೇ ಓದುಗರು ತಿಳಿದಾರು. ಬಗ್‌ಝಿಲ್ಲಾದಲ್ಲಿ ಆಗದ ಕೆಲಸ ಅದೇ. ಹೊಸ ಕಡತಗಳನ್ನು ಬಿಚ್ಚಿ, ಹಳೆಯ ‘ಲೋಕಲ್‌ಕಾನ್ಫಿಗ್’ ಕಡತವನ್ನೂ ‘ಡೇಟಾ’ ಫೋಲ್ಡರನ್ನೂ ಅಲ್ಲಿಗೆ ನಕಲಿಸಿ ಬಗ್‌ಝಿಲ್ಲಾದ್ದೇ ಅಪ್‌ಗ್ರೇಡ್ ಸ್ಕ್ರಿಪ್ಟ್ ‘ಚೆಕ್‌ಸೆಟಪ್.ಪಿಎಲ್’ ಓಡಿಸಿದರೆ ಡೇಟಾಬೇಸಿನ ಟೇಬಲ್‌ಗಳ ರಚನೆಯೇ ಬದಲಾಗುತ್ತದೆ. ಅದನ್ನು ಹಿಂದಿರುಗಿಸುವ ಕಮಾಂಡ್ ಇಲ್ಲ. ಡೇಟಾಬೇಸಿನ ನಕಲು ತೆಗೆಯುವ ‘ಮೈಎಸ್‌ಕ್ಯೂಎಲ್‌ಡಂಪ್’ನಿಂದ ಮೊದಲೇ ತೆಗೆದಿಟ್ಟ ಬ್ಯಾಕಪ್ ಮರಳಿ ತುಂಬುವುದೊಂದೇ ದಾರಿ. ಬ್ಯಾಕಪ್‌ಗೂ ಮುನ್ನ ‘ಶಟ್‌ಡೌನ್‌ಎಚ್‌ಟಿಎಂಎಲ್’ ಪ್ಯಾರಾಮೀಟರಿನಲ್ಲಿ ಒಂದು ಸಾಲು ಬರೆದು ತಾಣ ಮುಚ್ಚಿರಬೇಕು. ಇಲ್ಲವಾದರೆ, ಬ್ಯಾಕಪ್ ಆದ ಮೇಲೆ ಬಂದ ಕಾಮೆಂಟುಗಳು ಅದರಲ್ಲಿ ಇರುವುದಿಲ್ಲ.

‘ಹೊಂದಾಣಿಕೆ’ಯ ತೊಂದರೆ ಬೇರೆ. ಗಂಡ ಹೆಂಡಿರ ಹೊಂದಾಣಿಕೆ, ಪಕ್ಷಗಳ ಹೊಂದಾಣಿಕೆ ಎನ್ನುವಾಗ ಇಬ್ಬರೂ ಸ್ವಲ್ಪ ಸ್ವಲ್ಪ ಬಗ್ಗುತ್ತಾರೆ. ಇಲ್ಲಿ ಹಳೆಯದು ಇದ್ದಂತೆಯೇ ಇರುತ್ತದೆ, ಅದನ್ನು ಸಂಭಾಳಿಸುವ ಹೊಣೆ ಪೂರ್ತಿ ಹೊಸದರದು. ಇದಕ್ಕೆ ‘ಒಗ್ಗು’ ಧಾತು ಚೆನ್ನಾಗಿ ಕೂರುತ್ತದೆ. ‘ಆ ಊರಿನ ನೀರು ಒಗ್ಗಲಿಲ್ಲ’ ಎನ್ನುತ್ತೇವಲ್ಲ, ಹಾಗೆಯೇ ‘ಹಳೆಯ ಡೇಟಾ ಹೊಸ ಆವೃತ್ತಿಗೆ ಒಗ್ಗುತ್ತದೆ’. ಯಾವುದು ಯಾವುದಕ್ಕೆ ಎಂಬುದನ್ನು ಚತುರ್ಥಿ ವಿಭಕ್ತಿಯೇ ಹೇಳಿಬಿಡುತ್ತದೆ.

ಹಾಗಾಗಿ ಕೈಪಿಡಿಯಲ್ಲಿ ನಾಮಪದವನ್ನು ಆದಷ್ಟು ಬಿಟ್ಟು ಪೂರ್ಣ ವಾಕ್ಯ ಬರೆಯುವುದು ಮೇಲು, ಏಕೆಂದರೆ ಮೂಲದ ಆ ಒಂದೇ ಪದದಡಿ ಬೇರೆ ಬೇರೆ ಸಂಗತಿಗಳು ಅಡಗಿವೆ. ಡೇಟಾಬೇಸ್ ಮತ್ತು ಸೆಟ್ಟಿಂಗ್‌ಗಳು ಸಾಮಾನ್ಯವಾಗಿ ಒಗ್ಗುತ್ತವೆ, 5.0ರಲ್ಲಿ ಪ್ಯಾರಾಮೀಟರುಗಳು ಜೆಸನ್ ರೂಪದ ಕಡತಕ್ಕೆ ಸ್ಥಳಾಂತರವಾದರೂ ಆ ಕೆಲಸ ಚೆಕ್‌ಸೆಟಪ್‌ನದೇ. ಪುಟಗಳು ಹೇಗೆ ಕಾಣಬೇಕೆಂದು ಹೇಳುವ ಟೆಂಪ್ಲೇಟ್ ಹಾಗಲ್ಲ. ‘ಕಸ್ಟಮ್’ ಫೋಲ್ಡರಿನಲ್ಲಿ ನೀವು ತಿದ್ದಿಟ್ಟ ಟೆಂಪ್ಲೇಟನ್ನು ಅಪ್‌ಗ್ರೇಡ್ ಮುಟ್ಟುವುದಿಲ್ಲ, ‘ಡಿಫಾಲ್ಟ್’ನಲ್ಲಿರುವುದನ್ನು ಮಾತ್ರ ಬದಲಿಸುತ್ತದೆ. ಪುಟ ತೆರೆದಾಗ ಓಡುವುದು ನಿಮ್ಮ ಹಳೆಯ ಪ್ರತಿಯೇ. ಹೊಸ ಕೋಡ್ ಕಳಿಸುವ ವೇರಿಯಬಲ್‌ಗಳ ಹೆಸರು ಬದಲಾಗಿದ್ದರೆ ಎರರ್ ಸಹ ಬಾರದೆ ಫೀಲ್ಡ್ ಖಾಲಿ ಕಾಣಿಸಬಹುದು. ಹಳೆಯ, ಹೊಸ ಪ್ರತಿಗಳೆರಡನ್ನೂ ‘ಡಿಫ್’ ಮಾಡಿ (ಸಾಲು ಸಾಲಾಗಿ ಹೋಲಿಸಿ) ಕೈಯಿಂದಲೇ ಸೇರಿಸಬೇಕು.

ಹೊರಗಿನ ಸ್ಕ್ರಿಪ್ಟುಗಳದು ಇನ್ನೂ ಕಷ್ಟ. ಲಾಗಿನ್ ಕುಕಿ ಹಿಡಿದುಕೊಂಡು ವೆಬ್‌ಸರ್ವಿಸ್ (ಬೇರೆ ಪ್ರೋಗ್ರಾಮುಗಳು ಬಗ್‌ಝಿಲ್ಲಾ ಜೊತೆ ಮಾತಾಡುವ ದಾರಿ) ಕರೆಯುತ್ತಿದ್ದವುಗಳಿಗೆ 4.4.3ರಲ್ಲೇ ಬಾಗಿಲು ಮುಚ್ಚಿತು. ಭದ್ರತೆಯ ಕಾರಣಕ್ಕೆ ಕುಕಿ ಹೋಗಿ ಟೋಕನ್ (ಪ್ರತಿ ಕರೆಯೊಡನೆ ಕಳಿಸುವ ಗುರುತಿನ ಸಂಕೇತ) ಬಂತು. ಕೊನೆಯ ಅಂಕಿ ಮಾತ್ರ ಏರಿದ ಆವೃತ್ತಿಯಾದರೂ ಹೀಗಾಗುತ್ತದೆ. 5.0ರಲ್ಲಿ ಪಾಸ್‌ವರ್ಡಿನ ಬದಲು ಕೊಡುವ ಎಪಿಐ ಕೀ ಮತ್ತು ವೆಬ್‌ಸರ್ವಿಸ್ ಕರೆಯುವ ಹೊಸ ವಿಧಾನ ರೆಸ್ಟ್ ಸೇರಿದವು. ಹಳೆಯ ವಿಧಾನ ಎಕ್ಸ್‌ಎಂಎಲ್-ಆರ್‌ಪಿಸಿ ಉಳಿದಿದೆ, ಆದರೆ ಹೊಸ ಸ್ಕ್ರಿಪ್ಟಿಗೆ ಅದನ್ನು ನೆಚ್ಚಬೇಡಿ. ಇಲ್ಲಿ ಬರೆಯಬೇಕಾದ ವಾಕ್ಯ: ‘ಕುಕಿ ಬಳಸುವ ಹಳೆಯ ಸ್ಕ್ರಿಪ್ಟುಗಳು ಈ ಆವೃತ್ತಿಗೆ ಒಗ್ಗುವುದಿಲ್ಲ’.

ಶೀರ್ಷಿಕೆಗೆ ನಾಮಪದ ಬೇಕೇ ಬೇಕೆಂದರೆ ‘ಹಳೆಯದಕ್ಕೆ ಬೆಂಬಲ’ ಸಾಕು. ‘ಪೂರ್ವಾನುಗುಣತೆ’ ಓದಿ ಸಂಧಿ ಬಿಡಿಸುತ್ತಾ ಕೂರುವಷ್ಟು ಪುರುಸೊತ್ತು ರಾತ್ರಿ ಅಪ್‌ಗ್ರೇಡ್ ಮಾಡುವವರಿಗೆ ಇರುವುದಿಲ್ಲ.

ಮತ್ತೊಂದು ಉತ್ತರ:
‘ಒಗ್ಗು’ ಒಪ್ಪಿದೆ. ಆದರೆ ಬಗ್‌ಝಿಲ್ಲಾ ಏನೂ ಬದಲಾಗದೆ ಅದರ ಕೆಳಗಿನದು ಬದಲಾದಾಗಲೂ ಒಗ್ಗದೇ ಹೋಗುತ್ತದೆ, ಕೈಪಿಡಿಯಲ್ಲಿ ಅದೂ ಇರಲಿ. ಡೇಟಾಬೇಸ್ ಸರ್ವರ್ ಆದ ಮೈಎಸ್‌ಕ್ಯೂಎಲ್‌ನ 8.0ರಲ್ಲಿ ‘ಗ್ರೂಪ್ಸ್’ ಕಾಯ್ದಿರಿಸಿದ ಪದವಾಯಿತು, ಅಂದರೆ ಬರಿದೇ ಹೆಸರಾಗಿ ಬಳಸುವಂತಿಲ್ಲ. ಬಗ್‌ಝಿಲ್ಲಾದಲ್ಲಿ ಅದೇ ಹೆಸರಿನ ಟೇಬಲ್ ಇದೆ. ಹೆಸರಿನ ಸುತ್ತ ಬ್ಯಾಕ್‌ಟಿಕ್ (`) ಚಿಹ್ನೆ ಹಾಕದ ಹಳೆಯ ಕ್ವೆರಿಗಳು 1064 ಸಂಖ್ಯೆಯ ಸಿಂಟ್ಯಾಕ್ಸ್ ಎರರ್ ಕೊಟ್ಟು ನಿಲ್ಲುತ್ತವೆ. ಆದ್ದರಿಂದ ಬಗ್‌ಝಿಲ್ಲಾವನ್ನೂ ಡೇಟಾಬೇಸ್ ಸರ್ವರನ್ನೂ ಒಂದೇ ದಿನ ಏರಿಸಬೇಡಿ. ಕೆಟ್ಟದ್ದು ಯಾವುದರಿಂದ ಎಂದು ಪತ್ತೆಯಾಗುವುದಿಲ್ಲ.

‘ಬಗ್’ ಬಗ್ಗೆ: ಅದನ್ನು ಹಾಗೆಯೇ ಇಡಿ. ‘ದೋಷ 1064’ ಎಂದು ಬರೆದರೆ ಅದು ಡೇಟಾಬೇಸ್ ಕೊಟ್ಟ ಎರರೋ, ಯಾರೋ ದಾಖಲಿಸಿದ 1064ನೆಯ ಬಗ್ಗೋ ತಿಳಿಯದು.