ಮಿಲಾನ್ ಜೊತೆ ಕೊಮೊ ಸರೋವರ: ನಾಲ್ಕು ದಿನ ಹೇಗೆ ಹಂಚಿಕೊಳ್ಳೋದು?

ಪ್ರಶ್ನೆ: ನಾನು, ನನ್ನ ಹೆಂಡತಿ ನಾಲ್ಕು ದಿನಕ್ಕೆ ಮಿಲಾನ್‌ಗೆ ಹೊರಟಿದ್ದೇವೆ. ಏಪ್ರಿಲ್ಲೋ ಮೇನೋ ಇನ್ನೂ ಗೊತ್ತುಮಾಡಿಲ್ಲ. ಅವಳಿಗೆ ಫ್ಯಾಷನ್ ಬೀದಿಗಳನ್ನು ಸುತ್ತುವ ಆಸೆ, ನನಗೆ ನೀರಿನ ಪಕ್ಕ ಸುಮ್ನೆ ಕೂತರೆ ಸಾಕು. ಕೊಮೊ ಸರೋವರಕ್ಕೆ ಬೆಳಿಗ್ಗೆ ಹೋಗಿ ಸಂಜೆ ಬಂದರೆ ಆಗುತ್ತಾ? ಕಾರು ಬಾಡಿಗೆಗೆ ತಗೋಬೇಕಾ?

ಉತ್ತರ: ಕಾರು ಬೇಡವೇ ಬೇಡ. ದಡದ ರಸ್ತೆ ಇಕ್ಕಟ್ಟು, ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ. ರೈಲು, ಫೆರಿ ಎರಡೂ ಚೆನ್ನಾಗಿವೆ.

ಆದರೆ ಸರೋವರದ ಬಳಿ ಒಂದು ರಾತ್ರಿಯಾದರೂ ಉಳಿಯಿರಿ. ಹಗಲು ಬಂದವರೆಲ್ಲ ಸಂಜೆ ವಾಪಸ್ ಹೋದ ಮೇಲೆ ಆ ಊರುಗಳ ಕಳೆಯೇ ಬೇರೆ. ನನ್ನನ್ನು ಕೇಳಿದರೆ ದಡದ ಪುಟ್ಟ ಊರು ವರೆನ್ನಾ. ಮಿಲಾನಿನ ಮುಖ್ಯ ಸ್ಟೇಷನ್ ಮಿಲಾನೊ ಸೆಂಟ್ರಾಲೆಯಲ್ಲಿ ಟಿರಾನೊ ಕಡೆಯ ರೈಲು ಹತ್ತಿದರೆ ಒಂದು ಗಂಟೆ ಚಿಲ್ಲರೆ. ಎಡಗಡೆ ಕಿಟಕಿ ಹಿಡಿಯಿರಿ, ಲೆಕ್ಕೊ ದಾಟಿದ್ದೇ ತಡ ನೀರು ಹಳಿಯ ಪಕ್ಕಕ್ಕೇ ಬರುತ್ತದೆ. ಇದು ಪ್ರಾದೇಶಿಕ ರೈಲು, ಹಾಗಾಗಿ ಮುಂಚೆ ಕೊಂಡರೆ ಅಗ್ಗ ಅಂತೇನೂ ಇಲ್ಲ. ಕಾಗದದ ಟಿಕೆಟ್ ಆದರೆ ಹತ್ತುವ ಮುಂಚೆ ಸ್ಟೇಷನ್ನಿನ ಚಿಕ್ಕ ಯಂತ್ರಕ್ಕೆ ತೂರಿಸಿ ಮುದ್ರೆ ಬೀಳಿಸಿಕೊಳ್ಳಿ. ಇಲ್ಲದಿದ್ದರೆ ದಂಡ, ಗೊತ್ತಿರಲಿಲ್ಲ ಅಂದರೆ ಯಾರೂ ಕೇಳುವುದಿಲ್ಲ.

ವರೆನ್ನಾದಿಂದ ಸರೋವರದ ಹೆಸರಾಂತ ಊರು ಬೆಲ್ಲಾಜೊಗೆ ಫೆರಿಯಲ್ಲಿ ಕಾಲು ಗಂಟೆ. ಅದೇ ಕೊಮೊ ಪಟ್ಟಣದಿಂದ ಬೆಲ್ಲಾಜೊಗೆ ನಿಧಾನದ ದೋಣಿಯಲ್ಲಿ ಸುಮಾರು ಎರಡು ಗಂಟೆ. ಸರೋವರ ತಲೆಕೆಳಗಾದ ವೈ ಅಕ್ಷರದ ಆಕಾರದಲ್ಲಿದೆ. ಕೊಮೊ ಒಂದು ಕಾಲಿನ ತುದಿ, ಬೆಲ್ಲಾಜೊ ಕವಲೊಡೆಯುವ ಜಾಗ. ಮ್ಯಾಪ್ ನೋಡದೆ ಹೊರಟವರು ದಿನವನ್ನು ದೋಣಿಯಲ್ಲೇ ಕಳೆಯುತ್ತಾರೆ.

ಸುಮ್ನೆ ಕೂರೋದಕ್ಕೆ ಅಂದಿರಲ್ಲ, ವರೆನ್ನಾದಲ್ಲಿ ಫೆರಿ ನಿಲ್ಲುವಲ್ಲಿಂದ ಊರಿನೊಳಕ್ಕೆ ನೀರಿನ ಮೇಲೇ ಚಾಚಿಕೊಂಡ ಕಾಲುದಾರಿ ಇದೆ. ಸಂಜೆ ಅಲ್ಲಿಗೆ ಹೋಗಿ.

ಇನ್ನೊಂದು ಉತ್ತರ: ಮೇಲಿನವರ ಮಾತು ಸರಿ, ಆದರೆ ಒಂದೇ ದಿನ ಇರುವವರಿಗೆ ಕೊಮೊ ಪಟ್ಟಣವೇನೂ ಕಳಪೆ ಅಲ್ಲ. ಮಿಲಾನಿನ ಕಡೋರ್ನಾ ಸ್ಟೇಷನ್ನಿನಿಂದ ಕೊಮೊ ಲಾಗೊ ಸ್ಟೇಷನ್ನಿಗೆ ಒಂದು ಗಂಟೆ, ಇಳಿದರೆ ಎದುರಿಗೇ ನೀರು. 1894ರಿಂದ ಓಡುತ್ತಿರುವ ಹಗ್ಗದ ರೈಲು ಹತ್ತಿ ಗುಡ್ಡದ ಮೇಲಿನ ಬ್ರುನಾಟೆಗೆ ಹೋಗಿ, ಏಳು ನಿಮಿಷ ಸಾಕು. ಬೆಲ್ಲಾಜೊ ಆಸೆ ಮಾತ್ರ ಅವತ್ತಿಗೆ ಬಿಡಿ. ಜನ ಹೇಳುವಷ್ಟು ಮೋಡಿ ನನಗಂತೂ ಅಲ್ಲಿ ಕಾಣಲಿಲ್ಲ, ಅಂಗಡಿಗಳೇ ಜಾಸ್ತಿ.

ಮತ್ತೊಬ್ಬರು: ತಿಂಗಳ ವಿಷಯ ಯಾರೂ ಹೇಳಲಿಲ್ಲ. ಏಪ್ರಿಲ್‌ನಲ್ಲಿ ಮಿಲಾನಿನ ದೊಡ್ಡ ಪೀಠೋಪಕರಣ ಮೇಳ ಇರುತ್ತದೆ. ಆ ವಾರ ಹೋಟೆಲ್ ದರ ಕೇಳಿದರೆ ತಲೆ ತಿರುಗುತ್ತದೆ. ಮೇ ತಿಂಗಳೇ ವಾಸಿ.

ಡಾವಿಂಚಿಯ ‘ಕೊನೆಯ ಭೋಜನ’ ನೋಡುವುದಾದರೆ ಮಿಕ್ಕಿದ್ದೆಲ್ಲ ಆಮೇಲೆ, ಮೊದಲು ಅದರ ಟಿಕೆಟ್. ಒಳಗೆ ಬಿಡುವುದು ಸಣ್ಣ ಗುಂಪಾಗಿ, ಹದಿನೈದೇ ನಿಮಿಷ, ಸೋಮವಾರ ರಜೆ. ಯಾವ ದಿನ ಸಿಗುತ್ತದೋ ನೋಡಿಕೊಂಡು ಸರೋವರದ ದಿನ ಇಟ್ಟುಕೊಳ್ಳಿ. ದುವೋಮೊ ಚರ್ಚಿನ ಚಾವಣಿಯನ್ನೂ ಬಿಡಬೇಡಿ. ಅಮೃತಶಿಲೆಯ ಗೋಪುರಗಳ ನಡುವೆಯೇ ಓಡಾಡಬಹುದು, ಒಂದೊಂದರ ತುದಿಯಲ್ಲೂ ಒಂದು ಮೂರ್ತಿ. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ಫ್ಯಾಷನ್‌ಗೆ ಮೊಂಟೆ ನಾಪೊಲಿಯೊನೆ ಬೀದಿ. ಬೆಲೆ ನೋಡಿದರೆ ಕೊಳ್ಳುವ ಆಸೆ ತಾನಾಗೇ ಇಳಿಯುತ್ತದೆ. ನಡೆದಾಡಲು ಬ್ರೆರಾ ಬಡಾವಣೆ ನನಗೆ ಹೆಚ್ಚು ಇಷ್ಟ.

ಸಸ್ಯಾಹಾರಿಗಳಾದರೆ ಹುಷಾರು: ಮಿಲಾನಿನ ಕೇಸರಿ ಬಣ್ಣದ ರಿಸೊಟ್ಟೊ ನೋಡಲು ಬರೀ ಅನ್ನ, ಸಾಂಪ್ರದಾಯಿಕ ವಿಧಾನದಲ್ಲಿ ಅದಕ್ಕೆ ದನದ ಮೂಳೆಯ ಮಜ್ಜೆ ಹಾಕುತ್ತಾರೆ.

ರೈಲು ಮುಷ್ಕರದ ತಾರೀಖನ್ನೂ ಮುಂಚೆಯೇ ನೋಡಿಕೊಳ್ಳಿ, ಶುಕ್ರವಾರಗಳಲ್ಲಿ ಅದು ಮಾಮೂಲು. ಮುಷ್ಕರವಿದ್ದರೂ ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಮುಖ್ಯ ಪ್ರಾದೇಶಿಕ ರೈಲುಗಳು ಓಡುತ್ತವೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಮೇ ತಿಂಗಳು, ಮಿಲಾನ್ ಎರಡು ರಾತ್ರಿ, ವರೆನ್ನಾ ಒಂದು ರಾತ್ರಿ ಅಂತ ಮಾಡಿದೆವು. ದೊಡ್ಡ ಸೂಟ್‌ಕೇಸ್ ಎರಡಿವೆ, ತೊಂದರೆ ಇಲ್ಲ ಅಲ್ವಾ?

ಮೊದಲು ಉತ್ತರಿಸಿದವರು: ಇದೆ ಸ್ವಾಮಿ! ವರೆನ್ನಾದ ಓಣಿಗಳೆಲ್ಲ ಮೆಟ್ಟಿಲು, ಕಲ್ಲುಹಾಸು. ಸೆಂಟ್ರಾಲೆಯಲ್ಲೇ ಲಗೇಜ್ ಇಡುವ ಕೌಂಟರ್ ಇದೆ. ಅಲ್ಲಿ ಬಿಟ್ಟು, ಒಂದು ಬೆನ್ನುಚೀಲ ಹಾಕಿಕೊಂಡು ಹೋಗಿ.