ಸಹಾಯ ಬೇಕು: ಕೌದಿಯ ಪದರು ಜಾರದಂತೆ ಹಿಡಿಯುವುದು ಹೇಗೆ?

ಅವ್ವನ ಹಳೆ ಇಳಕಲ್ ಸೀರೆಗಳಿಂದ ಕೌದಿ ಹೊಲಿಯುತ್ತಿದ್ದೇನೆ. 5 ಅಡಿ ಅಗಲ, 7 ಅಡಿ ಉದ್ದ, ಒಟ್ಟು ನಾಲ್ಕು ಪದರು. ಸೀರೆಯ ಮೈ ಹತ್ತಿಯದು, ತೊಂದರೆಯಿಲ್ಲ. ಸೆರಗಿನ ರೇಷ್ಮೆಯೇ ಜಾರುತ್ತದೆ. ಮೊದಲು ಅಂಗೈ ಅಗಲಕ್ಕೊಂದರಂತೆ ಸೇಫ್ಟಿ ಪಿನ್ ಹಾಕಿದೆ. ದಾರ ಸಿಕ್ಕಿಕೊಳ್ಳುತ್ತದೆ, ಸವೆದ ಬಟ್ಟೆಯಲ್ಲಿ ತೂತೂ ಉಳಿಯುತ್ತಿವೆ. ಅವ್ವ ಉಟ್ಟ ಸೀರೆಗೆ ಅಂಟಿನ ಸ್ಪ್ರೇ ಹೊಡೆಯಲು ಮನಸ್ಸೊಪ್ಪುತ್ತಿಲ್ಲ. ಹಾಗಾಗಿ ನಡುವಿನಿಂದ ಅಂಚಿನ ಕಡೆಗೆ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಬಿಚ್ಚೋಣ ಎಂದುಕೊಂಡಿದ್ದೇನೆ. ಸಾಲುಗಳ ನಡುವೆ 4 ಇಂಚು ಬಿಟ್ಟರೆ ಸಾಕೇ, ಸೆರಗಿನ ಕಡೆ ಇನ್ನೂ ಒತ್ತಾಗಿ ಹಾಕಬೇಕೇ?

ಇನ್ನೊಂದು. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರಲ್ಲ, ಹಾಗೆ ಹೊಲಿದರೆ ನಡುವೆ ಬಟ್ಟೆ ಉಬ್ಬದಂತೆ ನೋಡಿಕೊಳ್ಳುವುದು ಹೇಗೆ? ಕೈಯಾರೆ ಹೊಲಿದವರು ದಯವಿಟ್ಟು ತಿಳಿಸಿ.